ಮುಸುಕಿನ ಹಿಂದಿನ ತಾಯಿ

ನಮ್ಮ ನಡುಮನೆಯ ಗೋಡೆಯ ಮೇಲೆ ನಮ್ಮ ತಾಯಿಯವರ ಭಾವಚಿತ್ರವೊಂದು ತೂಗುತ್ತಿದೆ. ದಿನವೂ ಬೆಳಿಗ್ಗೆ ಅದಕ್ಕೊಂದು ಹೂವು ಏರಿಸುತ್ತೇವೆ. ಮನೆಗೆ ಬಂದವರು ಅದನ್ನು ನೋಡಿ, "ಎಷ್ಟು ಲಕ್ಷಣವಾಗಿದ್ದರು!" ಎನ್ನುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ. ಆದರೆ ವಾಚಕರೊಡನೆ ಮುಚ್ಚುಮರೆಯೇಕೆ? ಆ ಚಿತ್ರದಲ್ಲಿರುವಾಕೆ ನಮ್ಮ ತಾಯಿಯಲ್ಲ.

ಸಂಗತಿ ಇಷ್ಟು. ಎಪ್ಪತ್ತೊಂದು ವರ್ಷ ಬಾಳಿದ ನಮ್ಮ ತಾಯಿ ತಮ್ಮದೆಂದು ಒಂದೇ ಒಂದು ಚಿತ್ರವನ್ನೂ ತೆಗೆಸಿಕೊಂಡವರಲ್ಲ. "ನನ್ನದೇನು ಫೋಟೋ, ಮಕ್ಕಳದು ತೆಗೆಯಿರಿ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಗೆ ಹೋಗಿಬಿಡುವರು. ಅವರು ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯ ದಿನಕ್ಕೆ ಒಂದು ಭಾವಚಿತ್ರ ಬೇಕಾಯಿತು. ಟ್ರಂಕುಗಳನ್ನೆಲ್ಲ ತಡಕಿದಾಗ ಸಿಕ್ಕಿದುದು ಯಾರದೋ ಮದುವೆಯ ಗುಂಪುಚಿತ್ರ. ಅದರಲ್ಲಿ ಎರಡನೆಯ ಸಾಲಿನ ಕೊನೆಯಲ್ಲಿ, ಹಿರಿಯರೊಬ್ಬರ ರುಮಾಲಿನ ಹಿಂದೆ ಅರ್ಧ ಮರೆಯಾಗಿ ಅಮ್ಮ ನಿಂತಿದ್ದರು.

ಸ್ಟುಡಿಯೋದವರು ಅಷ್ಟು ಭಾಗವನ್ನು ಹಿಗ್ಗಿಸಿ, ಮರೆಯಾಗಿದ್ದ ಕೆನ್ನೆಯನ್ನು ತಾವೇ ಬರೆದು ಕೂಡಿಸಿದರು. ಜೊತೆಗೆ ಹಣೆಯ ಗೆರೆಗಳನ್ನು ಅಳಿಸಿದರು. ನೂಲಿನ ಸೀರೆಗೆ ಜರಿಯ ಅಂಚು ಕೊಟ್ಟರು. ಮೇಲ್ದುಟಿಯ ಪಕ್ಕದಲ್ಲಿದ್ದ ಮಚ್ಚೆಯನ್ನು ಧೂಳಿನ ಚುಕ್ಕೆಯೆಂದು ತಿಳಿದು ಒರೆಸಿಹಾಕಿದರು. ಅವರ ಉದ್ದೇಶ ಒಳ್ಳೆಯದೇ. ಚಿತ್ರ ಮನೆಗೆ ಬಂದಾಗ ಎಲ್ಲರೂ ಮೆಚ್ಚಿದರು. ನನ್ನ ತಂಗಿ ಮಾತ್ರ ಬಹಳ ಹೊತ್ತು ನೋಡಿ, "ಅಣ್ಣ, ಅಮ್ಮನ ಮಚ್ಚೆ ಎಲ್ಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದುದು ಕಳೆದ ತಿಂಗಳು. ಆ ತಂಗಿಯ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಛಾಯಾಚಿತ್ರದ ಹುಚ್ಚು ಹಿಡಿಸಿಕೊಂಡಿದ್ದಾಳೆ. ಒಂದು ಸಂಜೆ ಕ್ಯಾಮರಾ ಹೆಗಲಿಗೇರಿಸಿಕೊಂಡು ಬಂದವಳು, "ಮಾವ, ನಮ್ಮ ಕಾಲೇಜಿನಲ್ಲಿ ಸ್ಪರ್ಧೆಯಿದೆ. ವಿಷಯ ಒಂದೇ, 'ತಾಯಿ'. ಅದನ್ನು ಮೂರು ಶೈಲಿಗಳಲ್ಲಿ ತೆಗೆದುಕೊಡಬೇಕಂತೆ" ಎಂದಳು.

"ತೆಗೆ. ಮನೆಯಲ್ಲೇ ತಾಯಿಯಿದ್ದಾಳಲ್ಲ!"

"ಒಂದನ್ನು ಬಣ್ಣದಲ್ಲಿ, ಒಂದನ್ನು ಕಪ್ಪುಬಿಳುಪಿನಲ್ಲಿ, ಮತ್ತೊಂದನ್ನು ಸ್ವಲ್ಪ ಮಸುಕಾಗಿ ತೆಗೆದರೆ ಮೂರು ಶೈಲಿ ಆದ ಹಾಗಲ್ಲವೆ?"

"ಅದು ಒಬ್ಬಳಿಗೇ ಮೂರು ಸೀರೆ ಉಡಿಸಿದ ಹಾಗಾಯಿತು" ಎಂದೆ. "ನಿನಗಿಂತ ಮೊದಲು ಇದೇ ವಿಷಯವನ್ನು ಕೈಗೆತ್ತಿಕೊಂಡವರು ಏನು ಮಾಡಿದರೆಂದು ನೋಡೋಣ, ಕೂತುಕೋ."

ಎರಡು ಸಂಜೆ ನನ್ನ ಬೀರುವಿನಲ್ಲಿದ್ದ ಪುಸ್ತಕಗಳನ್ನು ಹರಡಿಕೊಂಡು ಕುಳಿತೆವು. ಅಂದು ನೋಡಿದುದನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

* * *

ಮೊದಲು ತೆರೆದುಕೊಂಡುದು ಬಹಳ ವಿಚಿತ್ರವಾದ ಒಂದು ಚಿತ್ರ. ಹತ್ತೊಂಬತ್ತನೆಯ ಶತಮಾನದ್ದು. ಬಿಳಿಯ ಅಂಗಿ ತೊಟ್ಟ ಕೂಸೊಂದು ಕುಳಿತಿದೆ. ಹಿಂದೆ ಹೂಬಳ್ಳಿಯ ದಪ್ಪ ಬಟ್ಟೆ ಹೊದಿಸಿದ ಕುರ್ಚಿಯಿದ್ದಂತೆ ಕಾಣುತ್ತದೆ. ಸ್ವಲ್ಪ ದಿಟ್ಟಿಸಿ ನೋಡಿದರೆ ಆ ಕುರ್ಚಿಗೆ ಹೆಗಲುಗಳಿವೆ, ತಲೆಯಿದೆ. ಬಟ್ಟೆಯ ಕೆಳಗಿನಿಂದ ಬಂದ ಒಂದು ಕೈ ಕೂಸಿನ ನಡುವನ್ನು ಹಿಡಿದಿದೆ! ಹುಡುಗಿ ಬೆಚ್ಚಿ, "ಇದೇನು ಮಾವ, ಭೂತವೆ?" ಎಂದಳು.

ಭೂತವಲ್ಲ, ತಾಯಿ. ಆ ಕಾಲದಲ್ಲಿ ಫಲಕದ ಮೇಲೆ ಚಿತ್ರ ಮೂಡಲು ಅನೇಕ ಸೆಕೆಂಡುಗಳು ಬೇಕಾಗಿದ್ದವು. ದೊಡ್ಡವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಕೂಸಿಗೆ ಅದು ಸಾಧ್ಯವೆ? ತಾಯಿಯ ತೊಡೆಯೇ ಆಸರೆ. ಆದರೆ ಬೇಕಾಗಿದ್ದುದು ಕೂಸಿನ ಚಿತ್ರ ಮಾತ್ರ. ಆದುದರಿಂದ ತಾಯಿಯ ಮೇಲೆ ಪರದೆಯನ್ನೋ ರತ್ನಗಂಬಳಿಯನ್ನೋ ಹೊದಿಸಿ ಕೂರಿಸುವರು. ಅಷ್ಟಾದರೂ ಅವಳು ಕಾಣಿಸಿಕೊಂಡರೆ ಅಂಡಾಕಾರದ ಚೌಕಟ್ಟು ಹಾಕಿ ಮರೆಮಾಡುವರು. ಕೆಲವೆಡೆ ಮುಖವನ್ನು ಕೆರೆದು ಅಳಿಸಿದುದೂ ಉಂಟು. ಲಿಂಡಾ ಫ್ರೆನ್ಯಿ ನಾಗ್ಲರ್ ಎಂಬ ಕಲಾವಿದೆ ಇಂಥ 997 ಚಿತ್ರಗಳನ್ನು ಕೂಡಿಹಾಕಿ 2013ರಲ್ಲಿ ವೆನಿಸ್ ನಗರದ ಪ್ರಸಿದ್ಧ ಕಲಾಪ್ರದರ್ಶನದಲ್ಲಿ ತೋರಿಸಿದಳು. ಒಂದೆರಡನ್ನು ನೋಡಿದರೆ ನಗು ಬರುತ್ತದೆ. ಸಾಲಾಗಿ ಹತ್ತಿಪ್ಪತ್ತು ನೋಡಿದ ಮೇಲೆ ನಗು ಬರುವುದಿಲ್ಲ.

ಸ್ಟುಡಿಯೋ ಶೈಲಿಯ ಮೊದಲ ಪಾಠ ಇದು. ಇಲ್ಲಿ ಗಿರಾಕಿಗೆ ಏನು ಬೇಕೋ ಅದು ಮುಂದೆ ಬರುತ್ತದೆ. ಉಳಿದುದೆಲ್ಲ ಆಸರೆಯಾಗಿ ಹಿಂದೆ ಸರಿಯುತ್ತದೆ.

* * *

ಅದೇ ಕಾಲದಲ್ಲಿ, 1863ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದಲ್ಲಿದ್ದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಗೆ ಮಗಳು ಅಳಿಯಂದಿರು ಒಂದು ಕ್ಯಾಮರಾ ಉಡುಗೊರೆ ಕೊಟ್ಟರು. ಆಕೆ ನಮ್ಮ ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದವಳು. ಆಗ ಆಕೆಗೆ ನಲವತ್ತೆಂಟು ವರ್ಷ. ಮಕ್ಕಳು ದೊಡ್ಡವರಾಗಿ ಮನೆ ಬಿಕೋ ಎನ್ನುತ್ತಿದ್ದ ಕಾಲ. ಕಲ್ಲಿದ್ದಲು ತುಂಬುವ ಕೊಟ್ಟಿಗೆ ಕತ್ತಲೆಕೋಣೆಯಾಯಿತು, ಕೋಳಿಗೂಡು ಚಿತ್ರಶಾಲೆಯಾಯಿತು. ಗಾಜಿನ ಫಲಕಕ್ಕೆ ರಸಾಯನ ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಷ್ಟದ ವಿದ್ಯೆ. ಕೈಬೆರಳುಗಳೂ ಬಟ್ಟೆಗಳೂ ಕಪ್ಪಾದರೂ ಆಕೆ ಬಿಡಲಿಲ್ಲ.

'ತಾಯಿ' ಎಂಬ ವಿಷಯ ಆಕೆಯ ಕೈಯಲ್ಲಿ ಪುರಾಣವಾಯಿತು. ಮನೆಗೆಲಸದ ಹುಡುಗಿ ಮೇರಿ ಹಿಲಿಯರ್ ಎಂಬವಳಿಗೆ ತಲೆಯ ಮೇಲೆ ಮುಸುಕು ಹೊದಿಸಿ, ನೆರೆಮನೆಯ ಕೂಸನ್ನು ಮಡಿಲಿಗೆ ಕೊಟ್ಟು, ಯೇಸುವಿನ ತಾಯಿ ಮರಿಯಳನ್ನಾಗಿ ಮಾಡಿ ಮತ್ತೆ ಮತ್ತೆ ಚಿತ್ರ ತೆಗೆದಳು. ಪಕ್ಕದಿಂದ ಬಿದ್ದ ಬೆಳಕು, ಸುತ್ತಲೂ ಕತ್ತಲೆ. ಅಂಚುಗಳೆಲ್ಲ ಕರಗಿದಂತೆ ಮಸುಕು. ಪಂಡಿತರು ಆಕೆಗೆ ಫೋಕಸ್ ಮಾಡಲು ಬಾರದೆಂದು ಹಾಸ್ಯ ಮಾಡಿದರು. ನೋಡುತ್ತ ನೋಡುತ್ತ ಕಣ್ಣಿಗೆ ಸುಂದರವಾಗಿ ಕಂಡ ಕ್ಷಣದಲ್ಲಿಯೇ ಮಸೂರವನ್ನು ನಿಲ್ಲಿಸುತ್ತೇನೆ, ಇನ್ನಷ್ಟು ಹರಿತ ಏತಕ್ಕೆ ಬೇಕು ಎಂಬುದು ಆಕೆಯ ವಾದ.

ಇಲ್ಲಿ ಮುಸುಕಿನ ಅರ್ಥ ತಿರುಗುಮುರುಗಾದುದನ್ನು ಗಮನಿಸಿ. ಸ್ಟುಡಿಯೋದಲ್ಲಿ ತಾಯಿಯನ್ನು ಅಡಗಿಸಿದ ಬಟ್ಟೆ ಇಲ್ಲಿ ಅವಳನ್ನು ದೇವತೆಯಾಗಿಸಿತು. ಆದರೆ ಆ ಮುಸುಕಿನೊಳಗಿದ್ದವಳು ದಿನವಿಡೀ ಮನೆಗೆಲಸ ಮಾಡಿ ಬಂದು ಅಲುಗದೆ ಕುಳಿತ ಹುಡುಗಿ. ಅವಳ ಮುಖ ಜಗತ್ತಿಗೆಲ್ಲ ಕಂಡಿತು. ಅವಳ ಬಾಳು ಆ ಚಿತ್ರಗಳಲ್ಲಿ ಕಾಣಲಿಲ್ಲ.

* * *

ಮೂರನೆಯದು ಅಮೆರಿಕದ ಗರ್ಟ್ರೂಡ್ ಕೇಸಬಿಯರಳ ಚಿತ್ರ. ಮೂವರು ಮಕ್ಕಳನ್ನು ಬೆಳೆಸುತ್ತಿದ್ದ ಈ ಗೃಹಿಣಿ ಮೂವತ್ತೇಳನೆಯ ವಯಸ್ಸಿನಲ್ಲಿ ಕಲಾಶಾಲೆ ಸೇರಿದವಳು. ಛಾಯಾಚಿತ್ರವೂ ವರ್ಣಚಿತ್ರದಂತೆ ಕಲೆಯೆಂದು ಸಾಧಿಸಹೊರಟ ಗುಂಪಿನಲ್ಲಿ ಆಕೆಯೂ ಒಬ್ಬಳು. ಅವರ ಶೈಲಿಯಲ್ಲಿ ಮಂಜಿನಂಥ ಬೆಳಕು, ಮೃದುವಾದ ಬೂದುಬಣ್ಣ, ಪ್ಲಾಟಿನಂ ಲೇಪಿಸಿದ ಕಾಗದದ ಮೇಲೆ ರೇಷ್ಮೆಯಂಥ ಮುದ್ರಣ.

1899ರಲ್ಲಿ ಆಕೆ ತೆಗೆದ ಒಂದು ಚಿತ್ರ ಹೀಗಿದೆ: ಬಾಗಿಲಲ್ಲಿ ಬಿಳಿಯುಡುಪಿನ ತಾಯಿ ಬಾಗಿ ನಿಂತಿದ್ದಾಳೆ. ಪಕ್ಕದಲ್ಲಿ ಕಪ್ಪು ಉಡುಪಿನ ಪುಟ್ಟ ಮಗಳು ಹೊಸ್ತಿಲ ಬಳಿ ನೆಟ್ಟಗೆ ನಿಂತು ನಮ್ಮನ್ನು ನೋಡುತ್ತಿದ್ದಾಳೆ. ತಾಯಿಯ ಕೈ ಮಗಳ ಹೆಗಲನ್ನು ಮುಟ್ಟಿದೆ, ಹಿಡಿದಿಲ್ಲ. ಹೋಗು ಎನ್ನುತ್ತಿದೆಯೋ ಇರು ಎನ್ನುತ್ತಿದೆಯೋ ಹೇಳಲಾಗದು. ಮಗಳನ್ನು ಮೊದಲ ದಿನ ಶಾಲೆಗೆ ಕಳಿಸಿದ ಪ್ರತಿಯೊಬ್ಬ ತಾಯಿಗೂ ಆ ಕೈ ಪರಿಚಿತವಾದುದೇ.

ಆ ತಾಯಿ ಆಗ್ನೆಸ್ ಲೀ ಎಂಬ ಕವಯಿತ್ರಿ. ಚಿತ್ರ ತೆಗೆದು ಬಹಳ ಕಾಲವಾಗುವ ಮೊದಲೇ ಆ ಮಗಳು ತೀರಿಕೊಂಡಳು. ಕೆಲವು ವರ್ಷಗಳ ತರುವಾಯ, 1904ರ ಸುಮಾರಿಗೆ, ಕೇಸಬಿಯರ್ ಅದೇ ತಾಯಿಯನ್ನು ಮತ್ತೊಮ್ಮೆ ಚಿತ್ರಿಸಿದಳು. ಈ ಸಲ ಬಾಗಿಲಿಲ್ಲ, ಮನೆಯಿಲ್ಲ, ಮಗಳಿಲ್ಲ. ಆಕೆ ಒಬ್ಬಳೇ ಕುಳಿತಿದ್ದಾಳೆ. ಮುದ್ರಣದ ಮೇಲೆ ಕೈಯಿಂದ ತಿದ್ದಿ, ನಯವನ್ನೆಲ್ಲ ಕಳೆದು ಒರಟುಗೊಳಿಸಿದ ಚಿತ್ರ ಅದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಹುಡುಗಿ ಮಾತಾಡಲಿಲ್ಲ. ಆಮೇಲೆ ತಾನಾಗಿಯೇ, "ಮಾವ, ಮೊದಲ ಚಿತ್ರದ ನಯದಲ್ಲಿ ಎರಡನೆಯದನ್ನು ತೆಗೆಯುವುದಕ್ಕೆ ಆಗುತ್ತಿರಲಿಲ್ಲ, ಅಲ್ಲವೆ?" ಎಂದಳು. ಶೈಲಿಯೆಂದರೇನೆಂದು ಅವಳು ನನ್ನನ್ನು ಆಮೇಲೆ ಕೇಳಲಿಲ್ಲ.

* * *

ನಾಲ್ಕನೆಯ ಚಿತ್ರವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1936ರ ಮಾರ್ಚ್ ತಿಂಗಳು. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲ. ಸರ್ಕಾರದ ಪರವಾಗಿ ರೈತಕೂಲಿಗಳ ಸ್ಥಿತಿಯನ್ನು ಚಿತ್ರಿಸುತ್ತಿದ್ದ ಡೊರೊತಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ರಸ್ತೆಯ ಪಕ್ಕದಲ್ಲಿ ಬಟಾಣಿ ಕೀಳುವವರ ಬಿಡಾರದ ಹಲಗೆಯೊಂದನ್ನು ಕಂಡಳು. ದಣಿದಿದ್ದಳು, ಕಾರು ನಿಲ್ಲಿಸದೆ ಮುಂದೆ ಹೋದಳು. ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಹಿಂತಿರುಗಿದಳು. ಬೆಳೆ ಹಾಳಾಗಿ ಕೂಲಿಯಿಲ್ಲದೆ ಕುಳಿತಿದ್ದ ಜನ. ಒಂದು ಹರಕು ಡೇರೆಯಲ್ಲಿ ಮೂವತ್ತೆರಡು ವಯಸ್ಸಿನ ತಾಯಿ. ಲ್ಯಾಂಗ್ ದೂರದಿಂದ ಆರಂಭಿಸಿ ಹೆಜ್ಜೆಹೆಜ್ಜೆಯಾಗಿ ಸಮೀಪಿಸುತ್ತ ಕೆಲವೇ ಚಿತ್ರಗಳನ್ನು ತೆಗೆದಳು. ಕೊನೆಯದರಲ್ಲಿ ಡೇರೆ, ಪೆಟ್ಟಿಗೆ, ಸಾಮಾನು ಎಲ್ಲ ಮಾಯವಾಗಿವೆ. ಮಡಿಲಲ್ಲಿ ಕೂಸು; ಎರಡು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲುಗಳಲ್ಲಿ ಹುದುಗಿವೆ; ಗಲ್ಲಕ್ಕೆ ಕೈಯೊತ್ತಿದ ತಾಯಿಯ ಕಣ್ಣು ಎಲ್ಲೋ ದೂರ ನೆಟ್ಟಿದೆ.

ಇದಕ್ಕೆ ದಾಖಲೆಯ ಶೈಲಿ ಎನ್ನುವರು. ಮಂಜಿಲ್ಲ, ಮುಸುಕಿಲ್ಲ, ಇದ್ದುದನ್ನು ಇದ್ದಂತೆ ತೋರಿಸುವ ಶಪಥ. ಅದರ ಶಕ್ತಿ ಅಲ್ಪವಲ್ಲ. ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದೊಡನೆ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡು ಆಹಾರ ಕಳುಹಿಸಿತು. ಆದರೆ ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೊರಟುಹೋಗಿದ್ದಳು.

ಶಪಥಕ್ಕೂ ಒಂದು ಅಪವಾದ ಉಂಟು. ಚಿತ್ರದ ಕೆಳಮೂಲೆಯಲ್ಲಿ ಡೇರೆಯ ಕಂಬವನ್ನು ಹಿಡಿದ ತಾಯಿಯ ಹೆಬ್ಬೆರಳು ಕಾಣುತ್ತಿತ್ತು. ಅದು ಕಣ್ಣಿಗೆ ಚುಚ್ಚುತ್ತದೆಂದು ಕೆಲವು ವರ್ಷಗಳ ನಂತರ ಲ್ಯಾಂಗ್ ನೆಗೆಟಿವ್‌ನಿಂದ ಅದನ್ನು ತಿದ್ದಿ ತೆಗೆಸಿದಳು. ಇದನ್ನು ಓದಿದಾಗ ನನ್ನ ಕಣ್ಣು ತಾನಾಗಿ ನಡುಮನೆಯ ಗೋಡೆಯ ಕಡೆ ಹೊರಳಿತು. ಜಗತ್ತಿನ ದೊಡ್ಡ ಕಲಾವಿದೆಗೂ ನಮ್ಮ ಬೀದಿಯ ಸ್ಟುಡಿಯೋದವರಿಗೂ ಈ ಒಂದು ವಿಷಯದಲ್ಲಿ ನೆಂಟಸ್ತನವಿದ್ದಂತಾಯಿತು!

ಅದಕ್ಕಿಂತ ದೊಡ್ಡ ಮರೆವು ಇನ್ನೊಂದು. ಲ್ಯಾಂಗ್ ಆ ತಾಯಿಯ ವಯಸ್ಸನ್ನು ಬರೆದುಕೊಂಡಳು, ಹೆಸರನ್ನು ಕೇಳಲಿಲ್ಲ. ಜಗತ್ತು ಅವಳನ್ನು 'ವಲಸೆಯ ತಾಯಿ' ಎಂದೇ ಕರೆಯಿತು. ನಲವತ್ತೆರಡು ವರ್ಷಗಳ ನಂತರ, 1978ರಲ್ಲಿ, ಪತ್ರಕರ್ತರೊಬ್ಬರು ಅವಳನ್ನು ಪತ್ತೆ ಹಚ್ಚಿದರು. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬುದು ಅವಳ ಹೆಸರು. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದವಳು. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ತನಗೆ ಅದರಿಂದ ಒಂದು ಕಾಸೂ ಬರಲಿಲ್ಲ ಎಂದು ಅವಳು ಹೇಳಿದಳು. ಹಗಲಿರುಳು ದುಡಿದು ಮಕ್ಕಳನ್ನು ದಡ ಸೇರಿಸಿದವಳಿಗೆ, ಬಾಳಿನ ಒಂದು ಕೆಟ್ಟ ಮಧ್ಯಾಹ್ನದ ಮುಖವನ್ನೇ ಜಗತ್ತು ಕಾಯಂ ಮಾಡಿದರೆ ನೋವಾಗದಿದ್ದೀತೆ?

ಕಥೆ ಅಲ್ಲಿಗೂ ಮುಗಿಯಲಿಲ್ಲ. 1983ರಲ್ಲಿ ಅವಳು ಕಾಯಿಲೆ ಬಿದ್ದಾಗ ಮಕ್ಕಳು ಸಹಾಯ ಯಾಚಿಸಿದರು. ದೇಶದ ಮೂಲೆಮೂಲೆಗಳಿಂದ ಸುಮಾರು 35,000 ಡಾಲರು ಹಣ ಬಂದಿತು. ಜೊತೆಗೆ ರಾಶಿರಾಶಿ ಕಾಗದಗಳು. ಆ ಚಿತ್ರ ತಮಗೆ ಕಷ್ಟಕಾಲದಲ್ಲಿ ಹೇಗೆ ಧೈರ್ಯ ಕೊಟ್ಟಿತೆಂದು ಜನ ಬರೆದಿದ್ದರು. ಅಲ್ಲಿಯವರೆಗೆ ಆ ಚಿತ್ರವನ್ನು ಅವಮಾನವೆಂದು ಬಗೆದಿದ್ದ ಮಕ್ಕಳು ಅಂದು ಅದನ್ನು ಹೆಮ್ಮೆಯಿಂದ ನೋಡಿದರು. ಆ ವರ್ಷವೇ ತಾಯಿ ತೀರಿಕೊಂಡಳು. ಅವಳ ಗೋರಿಯ ಕಲ್ಲಿನಲ್ಲಿ ಹೆಸರಿನೊಂದಿಗೆ 'ವಲಸೆಯ ತಾಯಿ' ಎಂಬ ಮಾತನ್ನೂ ಕೆತ್ತಿಸಿದ್ದಾರೆ.

* * *

ಐದನೆಯ ಚಿತ್ರದ ಪುಟವನ್ನು ನಾನು ಹುಡುಗಿಗೆ ತೋರಿಸಲಿಲ್ಲ, ಬಾಯಿಮಾತಿನಲ್ಲಿ ಹೇಳಿದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಜಪಾನಿನ ಮಿನಮಾಟಾ ಎಂಬ ಮೀನುಗಾರರ ಊರಿನಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಾರ್ಖಾನೆ ಪಾದರಸದ ವಿಷವನ್ನು ಸಮುದ್ರಕ್ಕೆ ಬಿಡುತ್ತಿತ್ತು. ಮೀನಿನ ಮೂಲಕ ಅದು ಜನರ ಮೈಸೇರಿತು. ಬಸುರಿಯರ ಮೂಲಕ ಹುಟ್ಟದ ಕೂಸುಗಳಿಗೂ ಸೇರಿತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದುದು 1956ರಲ್ಲಿ. 1971ರಲ್ಲಿ ಅಮೆರಿಕದ ಯೂಜೀನ್ ಸ್ಮಿತ್ ತನ್ನ ಪತ್ನಿ ಐಲೀನಳೊಂದಿಗೆ ಅಲ್ಲಿಗೆ ಹೋಗಿ, ಮೂರು ವರ್ಷ ಅವರ ನಡುವೆಯೇ ಮನೆಮಾಡಿಕೊಂಡಿದ್ದು ಚಿತ್ರ ತೆಗೆದ. ಒಂದೇ ಚಿತ್ರದಲ್ಲಿ ಹೇಳಲಾಗದುದನ್ನು ಚಿತ್ರಮಾಲೆಯಾಗಿ, ಕಥೆಯಾಗಿ ಹೇಳುವುದು ಅವನ ಶೈಲಿ.

ಆ ಮಾಲೆಯ ಪ್ರಸಿದ್ಧ ಚಿತ್ರದಲ್ಲಿ ತಾಯಿಯೊಬ್ಬಳು ಹುಟ್ಟಿನಿಂದಲೇ ಆ ವಿಷಕ್ಕೆ ಬಲಿಯಾದ ಹದಿಹರೆಯದ ಮಗಳನ್ನು ಸ್ನಾನದ ತೊಟ್ಟಿಯಲ್ಲಿ ತೋಳಮೇಲೆ ಮಲಗಿಸಿಕೊಂಡಿದ್ದಾಳೆ. ಮಗಳಿಗೆ ಮಾತಿಲ್ಲ, ಕೈಕಾಲು ಸ್ವಾಧೀನವಿಲ್ಲ. ತಾಯಿಯ ಮುಖದಲ್ಲಿ ದುಃಖಕ್ಕಿಂತ ಪ್ರೀತಿಯೇ ಹೆಚ್ಚು. ತನ್ನ ಒಡಲಿನ ವಿಷವನ್ನೆಲ್ಲ ಈ ಮಗು ಹೀರಿಕೊಂಡು ತನ್ನನ್ನೂ ಆಮೇಲೆ ಹುಟ್ಟಿದವರನ್ನೂ ಉಳಿಸಿತೆಂದು ನಂಬಿ, ಆ ತಾಯಿ ಅವಳನ್ನು ಮನೆಯ ನಿಧಿಯೆನ್ನುತ್ತಿದ್ದಳು. 1972ರ ಜೂನಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದು ಅಚ್ಚಾದಾಗ ಜಗತ್ತು ಮಿನಮಾಟಾದ ಹೆಸರನ್ನು ಕಲಿತಿತು. 1973ರಲ್ಲಿ ನ್ಯಾಯಾಲಯ ಕಾರ್ಖಾನೆಯೇ ಹೊಣೆಯೆಂದು ತೀರ್ಪಿತ್ತಿತು.

ಮಗಳು 1977ರಲ್ಲಿ ಇಪ್ಪತ್ತೊಂದು ವರ್ಷಕ್ಕೆ ತೀರಿಕೊಂಡಳು. ಚಿತ್ರ ಮಾತ್ರ ಪುಸ್ತಕ, ಭಿತ್ತಿಪತ್ರ, ಪ್ರದರ್ಶನಗಳಲ್ಲಿ ತಿರುಗುತ್ತಲೇ ಇತ್ತು. ಬಹು ಕಾಲದ ನಂತರ ತಂದೆತಾಯಿಗಳು, ಇನ್ನು ಮಗಳಿಗೆ ವಿಶ್ರಾಂತಿ ಬೇಕು ಎಂದರು. ಸ್ಮಿತ್ ಆಗ ಬದುಕಿರಲಿಲ್ಲ. ಹಕ್ಕು ಐಲೀನಳ ಕೈಯಲ್ಲಿತ್ತು. 1998ರಲ್ಲಿ ಅವಳು ಆ ಚಿತ್ರದ ತೀರ್ಮಾನವನ್ನು ಹೆತ್ತವರಿಗೇ ಬಿಟ್ಟುಕೊಟ್ಟು, ಹೊಸ ಪ್ರಕಟಣೆಗಳಿಗೆ ಒಪ್ಪಿಗೆ ಕೊಡುವುದನ್ನು ನಿಲ್ಲಿಸಿದಳು. ಅವರ ಮಾತಿಗೆ ಗೌರವವಿತ್ತು ನಾನೂ ಅಂದು ಪುಟ ತಿರುವಲಿಲ್ಲ. ಐದು ಶೈಲಿಗಳ ಈ ಕಥೆಯಲ್ಲಿ ಚಿತ್ರ ತೆಗೆಸಿಕೊಂಡ ತಾಯಿಯ ಮಾತು ನಡೆದುದು ಇಲ್ಲಿ ಒಂದೇ ಕಡೆ ಎಂದು ನನಗೆ ತೋರುತ್ತದೆ.

* * *

ಪುಸ್ತಕಗಳನ್ನು ಮುಚ್ಚಿದ ಮೇಲೆ ಹುಡುಗಿ ತನ್ನ ಮೊಬೈಲನ್ನು ತೆಗೆದು ಏನನ್ನೋ ಹುಡುಕತೊಡಗಿದಳು. ಅವಳು ಹುಟ್ಟಿದಂದಿನಿಂದ ಇಂದಿನವರೆಗಿನ ಚಿತ್ರಗಳು ಅದರಲ್ಲಿವೆ. ನಾಮಕರಣ, ಶಾಲೆಯ ಮೊದಲ ದಿನ, ದಸರಾ ಗೊಂಬೆಗಳ ಮುಂದೆ ಕುಳಿತದ್ದು. ಬೆರಳಿನಿಂದ ಸರಿಸುತ್ತ ಸರಿಸುತ್ತ ಕೊನೆಗೆ, "ಮಾವ, ಇವುಗಳಲ್ಲೆಲ್ಲೂ ಅಮ್ಮ ಇಲ್ಲ" ಎಂದಳು.

"ಇವನ್ನೆಲ್ಲ ತೆಗೆದವರು ಯಾರು?"

"ಅಮ್ಮನೇ."

ಕ್ಯಾಮರಾ ಈಗ ತಾಯಿಯ ಕೈಗೇ ಬಂದಿದೆ. ಆದರೂ ಅವಳು ಚಿತ್ರದ ಹೊರಗೇ ನಿಂತಿದ್ದಾಳೆ.

ಮುಂದಿನ ಭಾನುವಾರ ಹುಡುಗಿ ಕೆಲಸಕ್ಕೆ ಕೈಹಚ್ಚಿದಳು. ಒಂದನ್ನು ಕಿಟಕಿಯ ಬೆಳಕಿನಲ್ಲಿ, ಕೇಸಬಿಯರಳನ್ನು ನೆನೆದು, ಮೃದುವಾಗಿ ತೆಗೆದಳು. ಇನ್ನೊಂದನ್ನು ಬೆಳಗಿನ ಆರು ಗಂಟೆಗೆ ಅಡಿಗೆಮನೆಯಲ್ಲಿ, ತಾಯಿಗೆ ತಿಳಿಸದೆ, ಕುಕ್ಕರಿನ ಹಬೆಯ ನಡುವೆ ತೆಗೆದಳು. ಅದನ್ನು ನೋಡಿದ ನನ್ನ ತಂಗಿ, "ಕೆದರಿದ ತಲೆ, ಹಳೆಯ ಸೀರೆ! ಇದನ್ನು ಊರಿಗೆಲ್ಲ ತೋರಿಸುತ್ತೀಯಾ?" ಎಂದು ರೇಗಿದಳು. ಹುಡುಗಿ ವಾದಿಸಲಿಲ್ಲ, ಚಿತ್ರವನ್ನು ಅಳಿಸಿಹಾಕಿದಳು. ಸ್ಪರ್ಧೆಗೆ ಅದೇ ಎಲ್ಲಕ್ಕಿಂತ ಒಳ್ಳೆಯ ಚಿತ್ರವಾಗಿತ್ತೆಂದು ನನ್ನೊಡನೆ ಆಮೇಲೆ ಗುಟ್ಟಾಗಿ ಹೇಳಿದಳು. ಮರುದಿನ ಕೇಳಿಕೊಂಡು, ಅದೇ ಅಡಿಗೆಮನೆಯಲ್ಲಿ, ತಾಯಿ ಒಪ್ಪಿದ ಮೇಲೆ ಬೇರೊಂದನ್ನು ತೆಗೆದಳು.

ಮೂರನೆಯದಕ್ಕೆ, "ಅಮ್ಮ, ನಿನ್ನನ್ನು ಹೇಗೆ ತೆಗೆಯಲಿ, ನೀನೇ ಹೇಳು" ಎಂದು ಕೇಳಿದಳಂತೆ. ಹಾಗೆ ಯಾರೂ ಹಿಂದೆ ಕೇಳಿರಲಿಲ್ಲವಾದುದರಿಂದ ತಂಗಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕನ್ನಡಕ ಹಾಕಿಕೊಂಡು, ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, ವಾರಪತ್ರಿಕೆಯ ಧಾರಾವಾಹಿಯ ಪುಟ ತೆರೆದಳು. "ಮಧ್ಯಾಹ್ನ ನೀವೆಲ್ಲ ಹೊರಗೆ ಹೋದಾಗ ನಾನು ಹೀಗೆ ಇರುತ್ತೇನೆ. ಹೀಗೇ ತೆಗೆ" ಎಂದಳು. ಚಿತ್ರದಲ್ಲಿ ಮಕ್ಕಳಿಲ್ಲ, ಒಲೆಯಿಲ್ಲ. ಕಥೆಯಲ್ಲಿ ಮುಳುಗಿ ತುಟಿಯ ಕೊನೆಯಲ್ಲಿ ನಗುತ್ತಿರುವ ಹೆಂಗಸೊಬ್ಬಳಿದ್ದಾಳೆ, ಅಷ್ಟೆ.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಮೂರನೆಯ ಚಿತ್ರದಲ್ಲಿ 'ತಾಯಿ' ಎಂಬ ವಿಷಯವೇ ಕಾಣುವುದಿಲ್ಲವೆಂದು ತೀರ್ಪುಗಾರರು ಅಭಿಪ್ರಾಯಪಟ್ಟರಂತೆ. ಹುಡುಗಿ ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದಳು.

ಮೊನ್ನೆ ತಂಗಿಯ ಮನೆಗೆ ಹೋಗಿದ್ದಾಗ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಮೇಜಿನ ಮೇಲಿಟ್ಟಿದ್ದರು. ಕಾಫಿ ತಂದಿಟ್ಟ ತಂಗಿ ಅದನ್ನು ಒಮ್ಮೆ ನೋಡಿ, ಸಹಜವಾದ ಸ್ವರದಲ್ಲಿ, "ಅಣ್ಣ, ಮುಂದೆ ಎಂದಾದರೂ ಬೇಕಾದಾಗ ಇದನ್ನೇ ಹಾಕಿ. ಯಾವ ಸ್ಟುಡಿಯೋದವರ ಕೈಗೂ ಕೊಡಬೇಡಿ" ಎಂದಳು.

ಮೇಲ್ದುಟಿಯ ಪಕ್ಕದಲ್ಲಿ, ಅಮ್ಮನಿಗೆ ಇದ್ದ ಜಾಗದಲ್ಲೇ, ಅವಳಿಗೂ ಒಂದು ಮಚ್ಚೆಯಿದೆ. ಇಷ್ಟು ವರ್ಷ ನಾನದನ್ನು ಗಮನಿಸಿರಲಿಲ್ಲ. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಬಂದಿದೆ.